ಮೊದಲು ಶಿಕ್ಷಕಿಯ ಸಂಬಳ, ಆಮೇಲೆ ಗೋಡೆಯ ಬಣ್ಣ

ಬಡ ದೇಶಗಳಲ್ಲಿ 3ರಿಂದ 6 ವರ್ಷದ ಮಕ್ಕಳ ಕಲಿಕೆಗೆ ನೆರವಾಗಲು ಹೊರಟ ಸಂಘಗಳು ಸಾಮಾನ್ಯವಾಗಿ ಮೊದಲು ಕೈಹಾಕುವುದು ಕಟ್ಟಡಕ್ಕೆ. ಕಟ್ಟಡ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಸಂಬಳ ಕಾಣುವುದಿಲ್ಲ. ಆದರೆ ಎರಡನೇ ವರ್ಷ ಸಂಬಳ ನಿಂತರೆ ಆ ಕೋಣೆಗೆ ಬೀಗವೇ ಗತಿ.

ಹಾಗಾಗಿ ಲೆಕ್ಕವನ್ನು ಸಂಬಳದಿಂದಲೇ ಶುರು ಮಾಡಿ. 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಸಹಾಯಕಿ ಬೇಕು. ಕೈಯಲ್ಲಿರುವ ಹಣದಲ್ಲಿ ಇಬ್ಬರ ಸಂಬಳ 36 ತಿಂಗಳು ಸಾಗದಿದ್ದರೆ ಕೇಂದ್ರಗಳ ಸಂಖ್ಯೆ ಇಳಿಸಿ, ಅವಧಿ ಇಳಿಸಬೇಡಿ. ಮಕ್ಕಳ ಮನೆಮಾತು ಬಲ್ಲ ಅದೇ ಊರಿನವರನ್ನೇ ನೇಮಿಸಿ. ಪದವಿ ಕಡಿಮೆಯಿದ್ದರೂ ಪರವಾಗಿಲ್ಲ. ಆರಂಭಕ್ಕೆ ಐದು ದಿನ ತರಬೇತಿ ಕೊಟ್ಟು ಕೈತೊಳೆದುಕೊಂಡರೆ ಮೂರು ತಿಂಗಳಲ್ಲಿ ಎಲ್ಲ ಹಳೇ ಚಾಳಿಗೆ ಮರಳುತ್ತದೆ. ಅನುಭವಿಯೊಬ್ಬರು ತಿಂಗಳಿಗೊಮ್ಮೆ ಬಂದು ಅರ್ಧ ದಿನ ಜೊತೆಗೆ ಕೂರಬೇಕು.

ಸಾಮಾನು ಹೆಚ್ಚು ಬೇಡ. ಸುಮಾರು 100 ಮರದ ತುಂಡು, ಎರಡು ಚಿಕ್ಕವು ಸೇರಿದರೆ ಒಂದು ದೊಡ್ಡದಕ್ಕೆ ಸಮನಾಗುವ ಅಳತೆಯಲ್ಲಿ. ಅಂಚುಗಳನ್ನು ಉಜ್ಜಿ ನುಣುಪು ಮಾಡಿರಬೇಕು. ಮನೆಮಾತಿನ 30 ಚಿತ್ರಕಥೆ ಪುಸ್ತಕ, ಮರಳು, ನೀರು, ಅಳೆಯಲು ಡಬ್ಬಿಗಳು. ಮೂರು ವರ್ಷದೊಳಗಿನ ತಮ್ಮ ತಂಗಿಯರೂ ಬರುತ್ತಾರಾದರೆ 3.2 ಸೆಂ.ಮೀ. ಅಗಲದ ಕೊಳವೆಯೊಳಗೆ ಇಳಿಯುವ ಯಾವುದನ್ನೂ ಇಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಆರು ತಿಂಗಳ ನಂತರ ಹೋದಾಗ ಆಟಿಕೆಗಳು ಹೊಸದರಂತೆ ಹೊಳೆಯುತ್ತಿದ್ದರೆ ಖುಷಿಪಡಬೇಡಿ. ಅವು ಬೀರುವಿನ ಮೇಲ್ಗಡೆ, ಪ್ಲಾಸ್ಟಿಕ್ ಹೊದಿಕೆಯೂ ಬಿಚ್ಚದೆ ಕೂತಿವೆ ಎಂದರ್ಥ. ಮುರಿದರೆ ಸಂಬಳದಲ್ಲಿ ಹಿಡಿಯುತ್ತಾರೆಂಬ ಭಯ ಶಿಕ್ಷಕಿಗೆ. ವರ್ಷಕ್ಕೆ ಐದರಲ್ಲೊಂದು ಪಾಲು ಸವೆಯುತ್ತದೆ, ಬದಲಿ ನಾವೇ ಕೊಡುತ್ತೇವೆ ಎಂದು ಕರಾರಿನಲ್ಲೇ ಬರೆಯಿರಿ. ಬೀರು ತೆಗೆದು, ಮಗುವಿನ ಸೊಂಟದೆತ್ತರಕ್ಕೆ ತೆರೆದ ಹಲಗೆ ಹಾಕಿಸಿ.

ಇನ್ನೊಂದು ಒತ್ತಡ ಪೋಷಕರಿಂದ ಬರುತ್ತದೆ: "ಬರೀ ಆಟವೇ? ಅಕ್ಷರ ಬರೆಸುವುದು ಯಾವಾಗ?" ವಾದಕ್ಕಿಳಿಯಬೇಡಿ. ಒಂದು ಬೆಳಿಗ್ಗೆ ಕರೆದು ಕೂರಿಸಿ. ಮಣ್ಣು ನಾದುವ, ಮಣಿ ಪೋಣಿಸುವ ಬೆರಳುಗಳೇ ನಾಳೆ ಪೆನ್ಸಿಲ್ ಹಿಡಿಯುತ್ತವೆಂದು ತೋರಿಸಿ.

ಕೋಣೆಗೇ ಹಣ ಸಾಲದಿದ್ದರೆ ಮನೆಭೇಟಿಯೂ ಒಳ್ಳೆಯ ದಾರಿ. ಜಮೈಕಾದಲ್ಲಿ 1986-87ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಬೆಳವಣಿಗೆ ಕುಂಠಿತವಾಗಿದ್ದ ಎಳೆಯ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ, ವಾರಕ್ಕೊಂದು ಗಂಟೆ ಹೋಗಿ ತಾಯಂದಿರಿಗೆ ಮಗುವಿನೊಂದಿಗೆ ಆಡುವುದನ್ನು ತೋರಿಸಿಕೊಟ್ಟರು. 20 ವರ್ಷಗಳ ನಂತರ, ಭೇಟಿ ಸಿಗದವರಿಗಿಂತ ಆ ಮಕ್ಕಳ ಗಳಿಕೆ ಸುಮಾರು 25% ಹೆಚ್ಚಿತ್ತು.

ಎರಡು ವಾರಕ್ಕೆ ಬಂದು ಹೋಗುವ ಸ್ವಯಂಸೇವಕರನ್ನು ಮಕ್ಕಳ ಕೋಣೆಗೆ ಬಿಡಬೇಡಿ, ಹಲಗೆ ಉಜ್ಜಲು ಹಚ್ಚಿ. ಹೊರಗಿನವರು ಯಾರೇ ಆಗಲಿ, ಮಗುವಿನೊಂದಿಗೆ ಒಬ್ಬರೇ ಇರಕೂಡದು.

ಕೆಲಸ ಹೇಗೆ ನಡೆದಿದೆಯೆಂದು ತಿಳಿಯಲು ಹಾಜರಿ ಪುಸ್ತಕ ಸಾಲದು. ಕೋಣೆಯ ಹಿಂಭಾಗದಲ್ಲಿ ಒಂದು ಗಂಟೆ ಕೂತು, ತೀರಾ ಮೌನವಾಗಿರುವ ಒಂದು ಮಗುವನ್ನು ಗಮನಿಸಿ. ಅದು ಬಾಯಿಬಿಟ್ಟಾಗಲೆಲ್ಲ ಒಂದು ಗೀಟು, ಶಿಕ್ಷಕಿ ಅದಕ್ಕೆ ಉತ್ತರಿಸಿದರೆ ಇನ್ನೊಂದು. ಎಲ್ಲರೂ ಒಟ್ಟಾಗಿ ಒಪ್ಪಿಸುವ ಪದ್ಯ ಲೆಕ್ಕಕ್ಕಿಲ್ಲ. ಹಾಳೆ ಖಾಲಿ ಉಳಿದರೆ ಮುಂದಿನ ತಿಂಗಳ ತರಬೇತಿ ಯಾವುದರ ಮೇಲೆಂದು ಗೊತ್ತಾಯಿತು.