ಹೆವಿ ಮೆಟಲ್ ಆಲ್ಬಂ ಕೇಳುವ ಕ್ರಮ

ಮೊದಲು ಒಂದು ಗಂಟೆ ಪುರುಸೊತ್ತು ಮಾಡಿಕೊಳ್ಳಿ. ಮೆಟಾಲಿಕಾ ಎಂಬ ಬ್ಯಾಂಡಿನ ‘ಮಾಸ್ಟರ್ ಆಫ್ ಪಪೆಟ್ಸ್’ ಎಂಟು ಹಾಡಿನ ಆಲ್ಬಂ, ಸಾಧಾರಣ 55 ನಿಮಿಷ. ಬ್ಲ್ಯಾಕ್ ಸಬಾತ್‌ನ ‘ಪ್ಯಾರನಾಯ್ಡ್’ 42 ನಿಮಿಷ. ಸ್ಲೇಯರ್‌ನ ‘ರೇನ್ ಇನ್ ಬ್ಲಡ್’ ಅರ್ಧ ಗಂಟೆಯೂ ಇಲ್ಲ, ಬದಿಯಡ್ಕದಲ್ಲಿ ಬಸ್ಸು ಹತ್ತಿ ಹಾಕಿದರೆ ಕಾಸರಗೋಡು ಮುಟ್ಟುವ ಮೊದಲೇ ಮುಗಿಯುತ್ತದೆ. ಆದರೆ ಅದನ್ನು ಬಸ್ಸಿನಲ್ಲಿ ಕೇಳಬೇಡಿ. ಬಸ್ಸಿನ ಇಂಜಿನ್ನಿನ ಗುರುಗುರು ಇರುವುದೂ ಬೇಸ್ ಗಿಟಾರ್ ಇರುವುದೂ ಒಂದೇ ಜಾಗದಲ್ಲಿ, ತೀರಾ ತಗ್ಗಿನ ಸ್ವರಗಳಲ್ಲಿ. ಇಂಜಿನ್ ಗೆಲ್ಲುತ್ತದೆ.

ನನ್ನದು ಮೈಕ್ ಸೆಟ್‌ನ ಕೆಲಸ. ಬದಿಯಡ್ಕ, ನೀರ್ಚಾಲು, ಪೆರ್ಲದ ಆಸುಪಾಸು ಬಯಲಾಟ, ತಾಳಮದ್ದಳೆ, ಕೋಲ, ಮದುವೆ ಎಲ್ಲದಕ್ಕೂ ಹೋಗುತ್ತೇನೆ. ಮಳೆಗಾಲದ ಬಾಗಿಲಿಗೆ ಬರುವ ಪತ್ತನಾಜೆ ಕಳೆದರೆ ಆಟ, ಕೋಲ ನಿಲ್ಲುತ್ತವೆ. ಆಮೇಲೆ ಮಳೆಗಾಲವಿಡೀ ನನಗೆ ನನ್ನದೇ ಸಂಗೀತ, ಜೋರು ಗಿಟಾರ್ ಮತ್ತು ಡ್ರಮ್ಮಿನ ಹೆವಿ ಮೆಟಲ್, ಹಾರ್ಡ್ ರಾಕ್. ಕೆಲಸಕ್ಕೆ ಒಟ್ಟಿಗೆ ಬರುವ ಹುಡುಗರು ಕೇಳುತ್ತಾರೆ: “ಅಣ್ಣ, ಇದರಲ್ಲಿ ಕೇಳುವುದು ಎಂತ? ಎಲ್ಲ ಒಂದೇ ಬೊಬ್ಬೆ ಅಲ್ವಾ?” ಒಂದೇ ಬೊಬ್ಬೆ ಅಲ್ಲ ಮಾರಾಯ, ಕೂತು ಕೇಳು ಎಂದು ಅವರಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಫೋನಿನಲ್ಲಿ ಶಫಲ್ ಎಂಬುದೊಂದಿದೆ, ಹಾಡುಗಳನ್ನು ಕಲಸಿ ಹಾಕುವುದು. ಅದನ್ನು ಮೊದಲು ಬಂದ್ ಮಾಡಿ. ಹಾಡುಗಳು ಯಾವುದರ ಹಿಂದೆ ಯಾವುದು ಬರುತ್ತದೆ ಎನ್ನುವುದರಲ್ಲೇ ಆಲ್ಬಂನ ಅರ್ಧ ಜೀವ ಇದೆ. 1970ರ ‘ಪ್ಯಾರನಾಯ್ಡ್’ ತೆಗೆದುಕೊಳ್ಳಿ. ಮೊದಲಿಗೆ ಯುದ್ಧ ಮಾಡಿಸುವ ದೊಡ್ಡವರ ಮೇಲೆ ಸಿಟ್ಟಿನಿಂದ ಬರೆದ ‘ವಾರ್ ಪಿಗ್ಸ್’, ಎಂಟು ನಿಮಿಷದ ಹತ್ತಿರ. ಅದರ ಬೆನ್ನಿಗೆ ಮೂರು ನಿಮಿಷವೂ ಇಲ್ಲದ ‘ಪ್ಯಾರನಾಯ್ಡ್’ ಓಡಿಹೋಗುತ್ತದೆ. ಆಮೇಲೆ ‘ಪ್ಲಾನೆಟ್ ಕ್ಯಾರವಾನ್’. ಇಲ್ಲಿ ಡ್ರಮ್ ಸೆಟ್ಟಿನ ಅಬ್ಬರ ಇಲ್ಲ, ಕೈಯಲ್ಲಿ ಬಾರಿಸುವ ವಾದ್ಯ, ಮೆಲುದನಿಯ ಹಾಡು, ನೀರಿನಡಿಯಿಂದ ಬಂದಂತಹ ಗಂಟಲು. ಕಿವಿ ಪೂರಾ ಸಡಿಲವಾಗುತ್ತದೆ. ಆಗ ‘ಐರನ್ ಮ್ಯಾನ್’ನ ದೊಡ್ಡ ಡ್ರಮ್ಮು ಧಮ್, ಧಮ್, ಧಮ್ ಎನ್ನುತ್ತದೆ. ಅದರ ತೂಕ ಗೊತ್ತಾಗುವುದು ಹಿಂದಿನ ನಾಲ್ಕು ನಿಮಿಷದ ಶಾಂತಿಯಿಂದ. ‘ಐರನ್ ಮ್ಯಾನ್’ ಒಂದನ್ನೇ ಹಾಕಿ ಕೇಳಿದವರಿಗೆ ಇದು ಸಿಕ್ಕುವುದೇ ಇಲ್ಲ. ಎಲ್‌ಪಿ ರೆಕಾರ್ಡಿನ ಕಾಲದಲ್ಲಿ ಮೊದಲ ಬದಿ ಅಲ್ಲಿಗೆ ಮುಗಿಯುತ್ತಿತ್ತು, ಎದ್ದು ಹೋಗಿ ತಿರುಗಿಸಿ ಹಾಕಬೇಕಿತ್ತು. ನೀವೂ ಅಲ್ಲೇ ನಿಲ್ಲಿಸಿ, ಚಾ ಕುಡಿದು ಬನ್ನಿ.

ಇನ್ನು ಧ್ವನಿಯ ವಿಷಯ. ಇದು ನನ್ನ ಕಸುಬು, ಸ್ವಲ್ಪ ಉದ್ದವಾಗುತ್ತದೆ.

ಒಂದೇ ಡಬ್ಬಿಯ ಬ್ಲೂಟೂತ್ ಸ್ಪೀಕರ್ ಬೇಡ. ಐರನ್ ಮೇಡನ್‌ನಲ್ಲಿ ಡೇವ್ ಮರ್ರೆ ಮತ್ತು ಏಡ್ರಿಯನ್ ಸ್ಮಿತ್, ಜುಡಾಸ್ ಪ್ರೀಸ್ಟ್‌ನಲ್ಲಿ ಟಿಪ್ಟನ್ ಮತ್ತು ಡೌನಿಂಗ್ ಹೀಗೆ ಎಂಬತ್ತರ ದಶಕದಲ್ಲಿ ಇಬ್ಬಿಬ್ಬರು ಗಿಟಾರಿನವರು ಇದ್ದರು. ರೆಕಾರ್ಡಿನಲ್ಲಿ ಗಿಟಾರುಗಳನ್ನು ಎಡಕ್ಕೂ ಬಲಕ್ಕೂ ಹಂಚಿರುತ್ತಾರೆ. ಡಬ್ಬಿ ಎರಡನ್ನೂ ಸೇರಿಸಿ ಮುದ್ದೆ ಮಾಡುತ್ತದೆ. ನಾಲ್ಕು ನೂರು ರೂಪಾಯಿಯ ವಯರಿನ ಇಯರ್‌ಫೋನ್ ಇದಕ್ಕಿಂತ ಎಷ್ಟೋ ವಾಸಿ. ಎರಡು ಸ್ಪೀಕರ್ ಇದ್ದರೆ ಮೂಲೆಗೆ ಒತ್ತಿ ಇಡಬೇಡಿ, ಮೂಲೆಯಲ್ಲಿ ಬೇಸ್ ಉಬ್ಬುತ್ತದೆ. ಗೋಡೆಯಿಂದ ಎರಡು ಅಡಿ ಮುಂದೆ, ಕೂತವರ ಕಿವಿಯ ಎತ್ತರಕ್ಕೆ, ಸ್ಟೂಲಿನ ಮೇಲೆ ಇಡಿ. ನಮ್ಮ ಕಡೆಯ ಕೆಂಪುಕಲ್ಲಿನ ಗೋಡೆ, ಸಿಮೆಂಟಿನ ನೆಲದ ಕೋಣೆಗಳಲ್ಲಿ ಶಬ್ದ ಪುಟಿಯುತ್ತದೆ. ನೆಲಕ್ಕೆ ಜಮಖಾನ ಹಾಸಿ. ನಾನು ಕೇಳುವುದು ಅಡಿಕೆ ಗೋಣಿ ಅಟ್ಟಿ ಹಾಕಿದ ಕೋಣೆಯಲ್ಲಿ. ತುಂಬಿದ ಗೋಣಿಗಳು ಪ್ರತಿಧ್ವನಿಯನ್ನು ನುಂಗುತ್ತವೆ, ಡ್ರಮ್ಮಿನ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ಅಡಿಕೆ ಮಾರಿದ ಮೇಲೆ ಅದೇ ಕೋಣೆ, ಅದೇ ಸ್ಪೀಕರ್, ಆದರೆ ಆ ಸುಖ ಇಲ್ಲ.

ಬೇಸ್ ಬೂಸ್ಟ್ ಗುಂಡಿಯನ್ನು ಮುಟ್ಟಬೇಡಿ. ಕೆಳಗಿನ, ನಡುವಿನ, ಮೇಲಿನ ಸ್ವರಗಳನ್ನು ಹೆಚ್ಚು ಕಡಿಮೆ ಮಾಡುವ ಈಕ್ವಲೈಸರ್ ಎಲ್ಲವೂ ನಡುವಿನ ಗೆರೆಯಲ್ಲಿ ಇರಲಿ. ಮೆಟಲ್‌ನ ಭಾರ ಇರುವುದು ಬೇಸ್‌ನಲ್ಲಿ ಎಂದು ತುಂಬಾ ಜನ ತಿಳಿದಿದ್ದಾರೆ. ಅದು ಇರುವುದು ನಡುವಿನ ಸ್ವರಗಳಲ್ಲಿ, ಗಿಟಾರ್ ಇರುವ ಜಾಗದಲ್ಲಿ. ವಾಲ್ಯೂಮ್ ಜೋರಾಗಿರಲಿ, ಆದರೆ ಹಾಡು ನಿಂತ ಮೇಲೆ ಕಿವಿಯಲ್ಲಿ ಕುಂಯ್ ಎಂಬ ಸದ್ದು ಉಳಿದರೆ ಅದು ಜಾಸ್ತಿಯೇ. ಮರುದಿನದಿಂದ ತಗ್ಗಿಸಿ. ಕಿವಿ ಹೋದರೆ ರಿಪೇರಿ ಇಲ್ಲ.

ಆ ಗಿಟಾರ್ ಯಾಕೆ ಹಾಗೆ ಒಡೆದಂತೆ ಕೇಳುತ್ತದೆ? ಆಂಪ್ಲಿಫೈಯರ್ ತನ್ನ ಶಕ್ತಿಗೆ ಮೀರಿ ಕೂಗಿದಾಗ ಧ್ವನಿಯ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಭಾಗವತರ ಮೈಕಿನಲ್ಲಿ ಹೀಗಾದರೆ ಜನ ನನ್ನ ಕಡೆ ತಿರುಗಿ ನೋಡುತ್ತಾರೆ. ಗಿಟಾರಿನಲ್ಲಿ ಅದನ್ನು ಬೇಕೆಂದೇ ಮಾಡುತ್ತಾರೆ. ತುದಿ ಕತ್ತರಿಸಿದ ಅಲೆಯಲ್ಲಿ ಹೊಸ ಹೊಸ ಉಪಸ್ವರಗಳು ಹುಟ್ಟುತ್ತವೆ, ಮೀಟಿದ ಸ್ವರ ಬೇಗ ಆರುವುದಿಲ್ಲ, ಎಳೆದಷ್ಟು ನಿಲ್ಲುತ್ತದೆ. ಆದರೆ ಇಂತಹ ಧ್ವನಿಯಲ್ಲಿ ಮೂರು ನಾಲ್ಕು ಸ್ವರ ಒಟ್ಟಿಗೆ ಮೀಟಿದರೆ ಕೆಸರಾಗುತ್ತದೆ. ಹಾಗಾಗಿ ಎರಡೇ ಸ್ವರ, ಷಡ್ಜ ಮತ್ತು ಪಂಚಮ. ಇಂಗ್ಲಿಷಿನವರು ಪವರ್ ಕಾರ್ಡ್ ಎನ್ನುವುದು ನಮ್ಮ ಸ-ಪ. ತಂಬೂರಿಯ ಶ್ರುತಿಗೆ ಕೂತು ಬೆಳೆದ ಕಿವಿಗೆ ಇದು ಹೊಸತಲ್ಲ.

ಸಂಗೀತ ಕಲಿತವರು ಬ್ಲ್ಯಾಕ್ ಸಬಾತ್‌ನ ಮೊದಲ ಆಲ್ಬಂ ಹಾಕಿ. 1970ರ ಫೆಬ್ರವರಿ 13, ಶುಕ್ರವಾರ ಬಂದದ್ದು. ಮೊದಲ ಹಾಡು ಸುರುವಾಗುವುದು ಮಳೆಯ ಸದ್ದು ಮತ್ತು ದೂರದ ಗಂಟೆಯಿಂದ. ಆಮೇಲೆ ಗಿಟಾರ್: ಷಡ್ಜ, ತಾರಷಡ್ಜ, ಪ್ರತಿಮಧ್ಯಮ. ಮೂರೇ ಸ್ವರ, ನಿಧಾನ. ಕಲ್ಯಾಣಿಯಲ್ಲಿ ಪಂಚಮಕ್ಕೆ ಹತ್ತುವ ಆ ಮಧ್ಯಮ ಇಲ್ಲಿ ಎಲ್ಲಿಗೂ ಹತ್ತದೆ ನಡುಗುತ್ತಾ ನಿಲ್ಲುತ್ತದೆ. ಆಟಿ ತಿಂಗಳ ರಾತ್ರಿ ಹಂಚಿನ ಮೇಲೆ ಮಳೆ ಬೀಳುವಾಗ ಕೇಳಿದರೆ ಹೊರಗಿನ ಮಳೆ ಯಾವುದು, ಒಳಗಿನದು ಯಾವುದು ಎಂದು ಗೊತ್ತಾಗುವುದಿಲ್ಲ.

ಇದನ್ನು ನುಡಿಸಿದ ಟೋನಿ ಅಯೋಮಿಯ ವಿಷಯ ತಿಳಿದು ಕೇಳಬೇಕು. ಬರ್ಮಿಂಗ್‌ಹ್ಯಾಮ್‌ನವರು, ತಗಡಿನ ಕಾರ್ಖಾನೆಯಲ್ಲಿ ಕೆಲಸ. ಹದಿನೇಳನೆಯ ವಯಸ್ಸಿನಲ್ಲಿ, ಅಲ್ಲಿನ ಕೆಲಸದ ಕೊನೆಯ ದಿನ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವರು ಎಡಚರು. ಅಂದರೆ ತಂತಿ ಒತ್ತುವ ಕೈಯೇ ಅದು. ಎರಡೇ ಬೆರಳಿನಲ್ಲಿ ಸೋಲೋ, ಅಂದರೆ ಗಿಟಾರ್ ಒಂದೇ ಮುಂದೆ ನಿಂತು ಹಾಡುವ ಭಾಗ, ನುಡಿಸುತ್ತಿದ್ದ ಗಿಟಾರಿನ ಜಾಂಗೊ ರೈನ್‌ಹಾರ್ಟ್ ಅವರ ರೆಕಾರ್ಡನ್ನು ಫೋರ್‌ಮನ್ ತಂದು ಕೇಳಿಸಿದ ಮೇಲೆ ಅಯೋಮಿ ಮತ್ತೆ ಗಿಟಾರ್ ಹಿಡಿದರು. ಪಾತ್ರೆ ತೊಳೆಯುವ ಸಾಬೂನಿನ ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ಮೇಲೆ ಚರ್ಮ ಅಂಟಿಸಿದರು. ತೆಳು ತಂತಿ ಹಾಕಿದರು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಹೊತ್ತಿಗೆ ಹಲವು ಹಾಡುಗಳಿಗೆ ಶ್ರುತಿಯನ್ನೇ ಇಳಿಸಿದರು. ಹಾರ್ಮೋನಿಯಂನವರಿಗೆ ತಿಳಿಯುವ ಹಾಗೆ ಹೇಳುವುದಾದರೆ ಬಿಳಿ ಮೂರರಿಂದ ಕಪ್ಪು ಒಂದಕ್ಕೆ. ತಂತಿ ಸಡಿಲವಾಯಿತು, ಬೆರಳಿಗೆ ನೋವು ಕಡಿಮೆಯಾಯಿತು, ಧ್ವನಿ ನೆಲಕ್ಕಿಳಿಯಿತು. ‘ಚಿಲ್ಡ್ರನ್ ಆಫ್ ದ ಗ್ರೇವ್’ ಹಾಕಿದರೆ ಕೇಳುವುದು ಅದೇ. ಇವತ್ತು ಜಗತ್ತಿನಲ್ಲಿ ಎಷ್ಟೋ ಬ್ಯಾಂಡುಗಳು ಶ್ರುತಿ ಇಳಿಸಿ ನುಡಿಸುತ್ತವೆ, ದಾರಿ ತೋರಿಸಿದ್ದು ಆ ಕೈ.

ಈಗ ಕೇಳುವ ಕ್ರಮ. ಒಂದೇ ಆಲ್ಬಂ ಹಿಡಿದು ಒಂದು ವಾರ ಬಿಡಬೇಡಿ. ಮೊದಲ ದಿನ ಗಿಟಾರಿನ ರಿಫ್ ಮಾತ್ರ ಹಿಂಬಾಲಿಸಿ. ರಿಫ್ ಎಂದರೆ ಮತ್ತೆ ಮತ್ತೆ ಬರುವ ಆ ಸಣ್ಣ ಸ್ವರಗುಚ್ಛ. ಮರುದಿನ ಡ್ರಮ್ಸ್, ಆಮೇಲೆ ಬೇಸ್. ಮಾತನ್ನು ಕೊನೆಗೆ ಇಟ್ಟುಕೊಳ್ಳಿ. ರಿಫ್ ಎಲ್ಲಿ ಬಿಟ್ಟುಹೋಗುತ್ತದೆ, ಎಲ್ಲಿ ಹಿಂದೆ ಬರುತ್ತದೆ ಎಂದು ಕಾಯುವುದೇ ಈ ಸಂಗೀತದ ರುಚಿ. ಪದ್ಯ ಮುಗಿದು ಚೆಂಡೆ ಏರುವ ಕ್ಷಣಕ್ಕೆ ಬಯಲಿನಲ್ಲಿ ನಿದ್ದೆಗೆಟ್ಟು ಕಾಯುವ ಅದೇ ಕಿವಿ ಇಲ್ಲಿಯೂ ಸಾಕು.

1986ರ ‘ಮಾಸ್ಟರ್ ಆಫ್ ಪಪೆಟ್ಸ್’ನ ಎರಡನೆಯ ಹಾಡಿನಲ್ಲಿ, ಆಲ್ಬಂನ ಹೆಸರೇ ಅದಕ್ಕೂ, ಇದನ್ನು ನೋಡಿ. ಜೇಮ್ಸ್ ಹೆಟ್‌ಫೀಲ್ಡ್ ಬಲಗೈಯನ್ನು ಮೇಲಿಂದ ಕೆಳಕ್ಕೆ ಮಾತ್ರ ಹೊಡೆಯುತ್ತಾರೆ. ಕೆಳಗಿಂದ ಮೇಲಕ್ಕೂ ಮೀಟಿದರೆ ಅರ್ಧ ಶ್ರಮ ಸಾಕು, ಆದರೆ ಆಗ ಪೆಟ್ಟು ಒಂದೇ ಸಮನೆ ಬೀಳುವುದಿಲ್ಲ. ಅಂಗೈಯ ಅಂಚನ್ನು ತಂತಿಯ ಬುಡಕ್ಕೆ ಒತ್ತಿ ಹಿಡಿದಿರುವುದರಿಂದ ಪ್ರತಿ ಸ್ವರವೂ ಮೊಟಕಾಗಿ, ಗಟ್ಟಿಯಾಗಿ ಬೀಳುತ್ತದೆ. ಮೂರೂವರೆ ನಿಮಿಷದ ಹೊತ್ತಿಗೆ ಎಲ್ಲವೂ ನಿಂತು, ಒಡಕಿಲ್ಲದ ಶುದ್ಧ ಗಿಟಾರ್ ಒಂದು ಸಣ್ಣ ಮಾಲೆ ಪೋಣಿಸತೊಡಗುತ್ತದೆ. ಅದರ ಮೇಲೆ ಎರಡು ಗಿಟಾರ್ ಜೊತೆಯಾಗಿ ಹಾಡುತ್ತವೆ, ಎಷ್ಟು ಮರುಕದಿಂದ! ಆಮೇಲೆ ಮೆಲ್ಲಗೆ ಮೋಡ ಕಟ್ಟಿ, ಕೂಗು ಎದ್ದು, ಸೋಲೋ ಹಾರಿ, ಮೊದಲಿನ ರಿಫ್ ಹಿಂದೆ ಬರುತ್ತದೆ. ಹಾಡು ಇರುವುದು ಅಮಲು ಪದಾರ್ಥ ಮನುಷ್ಯನನ್ನು ಗೊಂಬೆಯ ಹಾಗೆ ಕುಣಿಸುವ ಬಗ್ಗೆ. ಆ ನಡುವಿನ ಶಾಂತಿ ಬಿಡುಗಡೆಯಲ್ಲ, ಅಮಲಿನ ಒಳಗಿನ ನೆಮ್ಮದಿ ಎಂದು ನನಗೆ ಅನಿಸುತ್ತದೆ. ಹಾಗಾಗಿಯೇ ರಿಫ್ ಹಿಂದೆ ಬಂದಾಗ ಎದೆ ಧಸಕ್ಕೆನ್ನುವುದು.

ಅದೇ ಆಲ್ಬಂನ ಏಳನೆಯದು ‘ಓರಿಯನ್’, ಮಾತಿಲ್ಲದ ಹಾಡು. ಬೇಸ್ ನುಡಿಸುವ ಕ್ಲಿಫ್ ಬರ್ಟನ್‌ಗಾಗಿ ಅದನ್ನು ಕೇಳಿ. ಆಲ್ಬಂ ಬಂದದ್ದು ಮಾರ್ಚಿನಲ್ಲಿ, ಅದೇ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ಬಸ್ಸು ಮಗುಚಿ ಅವರು ತೀರಿಕೊಂಡರು. 24 ವರ್ಷ. ಅಂತ್ಯಕ್ರಿಯೆಯಲ್ಲಿ ಕೇಳಿಸಿದ್ದು ಈ ಹಾಡನ್ನೇ. ಮೆಟಾಲಿಕಾದ ಮುಂದಿನ ಆಲ್ಬಂ, 1988ರ ‘ಆಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ ಬೇಸ್ ಕೇಳುವುದೇ ಇಲ್ಲ ಎನ್ನಬೇಕು, ಮಿಕ್ಸಿಂಗಿನಲ್ಲಿ ಅಷ್ಟು ತಗ್ಗಿಸಿದ್ದಾರೆ. ಎರಡನ್ನೂ ಒಂದರ ಬೆನ್ನಿಗೊಂದು ಹಾಕಿ ನೋಡಿ, ಬೇಸ್ ಮಾಡುವ ಕೆಲಸ ಎಂತದು ಎಂದು ಯಾರೂ ವಿವರಿಸಬೇಕಿಲ್ಲ. 2008ರ ‘ಡೆತ್ ಮ್ಯಾಗ್ನೆಟಿಕ್’ನಲ್ಲಿ ಹಾಡುಗಳು ಒಳ್ಳೆಯವು, ಆದರೆ ಜೋರಾಗಿ ಕೇಳಲಿ ಎಂದು ಇಡೀ ಧ್ವನಿಯನ್ನೇ ಒತ್ತಿ ಡ್ರಮ್ಮು ಸಹ ಒಡೆಯುವಂತೆ ಮಾಡಿದ್ದಾರೆ. ಗಿಟಾರ್ ಒಡೆಯುವುದು ಚಂದ, ರೆಕಾರ್ಡೇ ಒಡೆಯುವುದು ಚಂದವಲ್ಲ.

ಯಾವುದರಿಂದ ಸುರು ಮಾಡಬೇಕು? ನಾನು ಹುಡುಗರಿಗೆ ಮೊದಲು ಕೊಡುವುದು ಡೀಪ್ ಪರ್ಪಲ್‌ನ ‘ಮಷೀನ್ ಹೆಡ್’, 1972. ಸ್ವಿಜರ್ಲ್ಯಾಂಡಿನ ಮಾಂಟ್ರೋದಲ್ಲಿ ರೆಕಾರ್ಡ್ ಮಾಡಬೇಕೆಂದಿದ್ದ ಕ್ಯಾಸಿನೊ ಕಣ್ಣೆದುರೇ ಬೆಂಕಿಗೆ ಹೋಗಿ, ಕೊನೆಗೆ ಖಾಲಿ ಹೋಟೆಲಿನ ಓಣಿಯಲ್ಲಿ ಹಾಸಿಗೆ ಒರಗಿಸಿ ಶಬ್ದ ತಡೆದು ಮಾಡಿದ ಆಲ್ಬಂ. ಮದುವೆ ಹಾಲಿನಲ್ಲಿ ಪ್ರತಿಧ್ವನಿಯೊಟ್ಟಿಗೆ ಗುದ್ದಾಡುವ ನನ್ನಂಥವನಿಗೆ ಇದು ಬಹಳ ಹತ್ತಿರದ್ದು. ಒಂದೊಂದು ವಾದ್ಯವೂ ಸ್ಪಷ್ಟ. ‘ಹೈವೇ ಸ್ಟಾರ್’ನಲ್ಲಿ ಜಾನ್ ಲಾರ್ಡ್ ಆರ್ಗನ್, ಆಮೇಲೆ ರಿಚಿ ಬ್ಲ್ಯಾಕ್‌ಮೋರ್ ಗಿಟಾರ್, ಬಿಡಿಸಿ ಬಿಡಿಸಿ ಕೇಳಬಹುದು. ಅದಾದ ಮೇಲೆ ಎಸಿ/ಡಿಸಿಯ ‘ಬ್ಯಾಕ್ ಇನ್ ಬ್ಲ್ಯಾಕ್’, 1980. ಹಾಡುಗಾರ ಬಾನ್ ಸ್ಕಾಟ್ ತೀರಿಕೊಂಡ ವರ್ಷವೇ ಬಂದದ್ದು, ಗಂಟೆಯ ಸದ್ದಿನಿಂದ ಸುರುವಾಗುತ್ತದೆ. ಆಮೇಲೆ ಸಬಾತ್. ಆಮೇಲೆ ಐರನ್ ಮೇಡನ್‌ನ 1984ರ ‘ಪವರ್‌ಸ್ಲೇವ್’; ಅದರ ಕೊನೆಯದು ಕೋಲರಿಜ್ ಕವಿಯ ಹಳೆಯ ನಾವಿಕನ ಕಥೆ, 13 ನಿಮಿಷದ ಮೇಲೆ, ಇಡೀ ಪ್ರಸಂಗ. ಮೆಟಾಲಿಕಾ ಅದಾದ ಮೇಲೆ. ಸ್ಲೇಯರ್‌ಗೆ ಅವಸರ ಬೇಡ, ವೇಗದಲ್ಲಿ ಸ್ವರ ಬಿಡಿಸುವುದು ಕಿವಿಗೆ ರೂಢಿಯಾಗಬೇಕು. ಗಂಟಲು ಒಡೆದು ಗುರುಗುಟ್ಟುವ ಹಾಡುಗಾರಿಕೆ ಹಿಡಿಸದಿದ್ದರೆ ಓಪೆತ್‌ನ ‘ಬ್ಲ್ಯಾಕ್‌ವಾಟರ್ ಪಾರ್ಕ್’ನಿಂದ ಒಳಗೆ ಬನ್ನಿ, 2001ರದ್ದು. ಅಲ್ಲಿ ಮಿಖಾಯೆಲ್ ಒಕರ್‌ಫೆಲ್ಟ್ ಒಬ್ಬರೇ ಗುರುಗುಟ್ಟುತ್ತಾರೆ, ಅವರೇ ಮಧುರವಾಗಿಯೂ ಹಾಡುತ್ತಾರೆ.

ದೂರದ್ದೇ ಕೇಳಬೇಕೆಂದಿಲ್ಲ. ನಮ್ಮ ಪಕ್ಕದ ಕಣ್ಣೂರಿನ ಹುಡುಗರು ‘ದ ಡೌನ್ ಟ್ರಾಡೆನ್ಸ್’ ಎಂದು ಬ್ಯಾಂಡ್ ಕಟ್ಟಿ 2014ರಲ್ಲಿ ಒಳ್ಳೆಯ ಆಲ್ಬಂ ಕೊಟ್ಟಿದ್ದಾರೆ. ಬೆಂಗಳೂರಿನ ‘ಕ್ರಿಪ್ಟೋಸ್’ 1998ರಿಂದ ಹಳೇ ಕ್ರಮದ ಮೆಟಲ್ ನುಡಿಸುತ್ತಾ ಬಂದಿದೆ.

ಮನೆಯಲ್ಲಿ ಹಿರಿಯರು ಕೇಳಿಯೇ ಕೇಳುತ್ತಾರೆ. ನನ್ನ ಅಮ್ಮ “ಅದೆಂತ ಮಗ, ಭೂತ ಪಿಶಾಚಿಯ ಹಾಡಾ?” ಎಂದಾಗ ನಾನು ಐರನ್ ಮೇಡನ್‌ನ ‘ಹ್ಯಾಲೋಡ್ ಬಿ ದೈ ನೇಮ್’ನ ಕಥೆ ಹೇಳಿದೆ. ಗಲ್ಲಿಗೆ ಹೋಗುವ ಮೊದಲಿನ ಕೊನೆಯ ಹೊತ್ತಿನಲ್ಲಿ ಕೈದಿಯೊಬ್ಬ ಯೋಚಿಸುವುದು. ಅಮ್ಮ ಪೂರಾ ಕೇಳಿ “ಪಾಪ” ಎಂದರು. ವಾದ ಮಾಡಬೇಡಿ, ಕಥೆ ಹೇಳಿ.

ಸಿಡಿ, ಕ್ಯಾಸೆಟ್ ಇದ್ದವರಿಗೆ ಮಳೆಗಾಲದ ಎಚ್ಚರಿಕೆ. ನಮ್ಮ ಕಡೆಯ ತೇವಕ್ಕೆ ಕ್ಯಾಸೆಟ್ಟಿನ ಟೇಪಿನ ಅಂಚಿನಲ್ಲಿ ಬಿಳಿ ಬೂಸಲು ಹಿಡಿಯುತ್ತದೆ, ಸಕ್ಕರೆ ಪುಡಿ ಚೆಲ್ಲಿದ ಹಾಗೆ. ಅದನ್ನು ಹಾಗೆಯೇ ಪ್ಲೇಯರಿಗೆ ಹಾಕಿದರೆ ಹೆಡ್ ಹೊಲಸಾಗಿ ಮುಂದಿನ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ನಿಲ್ಲಿಸಿ ಇಡಿ. ಎರಡು ತಿಂಗಳಿಗೊಮ್ಮೆ ಪೂರಾ ಮುಂದೆ ಓಡಿಸಿ ಹಿಂದೆ ಸುತ್ತಿ. ಸಿಡಿಯನ್ನು ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಅಡ್ಡ ಬಿದ್ದ ಗೀರನ್ನು ಪ್ಲೇಯರ್ ಹೇಗೂ ದಾಟುತ್ತದೆ, ಸುತ್ತಲೂ ಉದ್ದಕ್ಕೆ ಬಿದ್ದದ್ದರಲ್ಲಿ ಸಿಕ್ಕಿಕೊಳ್ಳುತ್ತದೆ.