‘ಇನ್‌ಹೆರಿಟೆನ್ಸ್’ಗೆ ಒಂದೇ ಪದ ಹುಡುಕುವುದನ್ನು ನಾನು ಬಿಟ್ಟಿದ್ದು

ಕೋರ್ಟು ಕಾಗದಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಡುವುದು ನನ್ನ ಕೆಲಸ. ನಡುನಡುವೆ ವಿಜ್ಞಾನದ ಪಾಠ, ಸಾಫ್ಟ್‌ವೇರ್ ಪಾಠ, ಕತೆ ಕೂಡ ಬರುತ್ತವೆ. ಎಲ್ಲ ಕಡೆಯೂ ತಪ್ಪದೆ ಎದುರಾಗುವ ಪದ ಇನ್‌ಹೆರಿಟೆನ್ಸ್, ಅಂದರೆ ಹಿಂದಿನವರಿಂದ ಮುಂದಿನವರಿಗೆ ಬರುವುದು. ಮೊದಮೊದಲು ಆಸ್ತಿಯ ವಿಷಯ ಬಂತೆಂದರೆ ಸಾಕು, ಹಿಂದೆಮುಂದೆ ನೋಡದೆ ‘ಪಿತ್ರಾರ್ಜಿತ’ ಅಂತ ಬರೆದುಬಿಡುತ್ತಿದ್ದೆ. ಒಂದು ಪಾಲಿನ ದಾವೆ ಆ ಅಭ್ಯಾಸ ಬಿಡಿಸಿತು.

ಅಪ್ಪ ಸಂಬಳದ ದುಡ್ಡಿನಲ್ಲಿ ಎರಡು ಎಕರೆ ತೋಟ ಕೊಂಡಿದ್ದರು. ಉಯಿಲು ಬರೆಯದೆ ತೀರಿಹೋದರು. ಮಗನಿಗೆ ಪಾಲು ಬಂತು. ಕಾಗದದಲ್ಲಿ ‘ಇನ್‌ಹೆರಿಟೆಡ್ ಪ್ರಾಪರ್ಟಿ’ ಅಂತಿತ್ತು. ನಾನು ‘ಪಿತ್ರಾರ್ಜಿತ ಆಸ್ತಿ’ ಅಂತ ಬರೆದೆ. ಅಪ್ಪ ಸಂಪಾದಿಸಿದ್ದು, ಪದದ ಅರ್ಥವೂ ಅದೇ ಅಲ್ವಾ? ಕರಡು ನೋಡಿದ ವಕೀಲರು ಆ ಪದದ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು. “ಮೇಡಂ, ಇದನ್ನು ಹೀಗೇ ಬಿಟ್ಟರೆ ನಾಳೆ ಮೊಮ್ಮಗ ಬಂದು, ಹುಟ್ಟಿದಾಗಿನಿಂದಲೇ ನನಗೂ ಪಾಲಿದೆ ಅಂತಾನೆ” ಎಂದರು.

ಅವರು ಹೇಳಿದ್ದು ಸರಿ. ಕಾನೂನಿನ ಮಾತಿನಲ್ಲಿ ಪಿತ್ರಾರ್ಜಿತ ಎಂದರೆ ತಲೆಮಾರುಗಳಿಂದ ಒಟ್ಟಿಗೆ ಬಂದ ಮನೆತನದ ಆಸ್ತಿ; ಅದರಲ್ಲಿ ಹುಟ್ಟುತ್ತಲೇ ಪಾಲು ಬರುತ್ತದೆ. ಅಪ್ಪನ ಸ್ವಯಾರ್ಜಿತ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನಂತೆ ಮಗನಿಗೆ ಬಂದರೆ ಅದು ಅವನ ಸ್ವಂತದ್ದು. ಸುಪ್ರೀಂ ಕೋರ್ಟ್ 1986ರಲ್ಲೇ ಹೀಗೆ ಹೇಳಿದೆ. ನನ್ನ ಒಂದು ಪದದಿಂದ ಆಸ್ತಿಯ ಜಾತಿಯೇ ಬದಲಾಗುತ್ತಿತ್ತು. ಈಗ ಅಂಥ ಕಡೆ ‘ಉತ್ತರಾಧಿಕಾರದಿಂದ ಬಂದ ಆಸ್ತಿ’ ಎಂದೇ ಬರೆಯುತ್ತೇನೆ. ಉದ್ದವಾದರೂ ಪರವಾಗಿಲ್ಲ.

ಈ ಹುಟ್ಟಿನ ಹಕ್ಕು ಎಲ್ಲಿಂದ ಬಂತು ಅಂತ ಆಮೇಲೆ ನಾನು ಹಳೆಯ ಹಿಂದೂ ಕಾನೂನಿನ ಗ್ರಂಥ ಮಿತಾಕ್ಷರದ ಬೆನ್ನು ಹತ್ತಿದೆ. ಸುಮಾರು 900 ವರ್ಷದ ಹಿಂದೆ, ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ ಅಂದರೆ ಇವತ್ತಿನ ಬಸವಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದದ್ದು. ನಮ್ಮ ನೆಲದ ಈ ಪುಸ್ತಕ ಬಂಗಾಳದ ಕಡೆ ಬಿಟ್ಟು ಹೆಚ್ಚುಕಡಿಮೆ ಇಡೀ ದೇಶದ ಹಿಂದೂ ಆಸ್ತಿ ಹಂಚಿಕೆಗೆ ಆಧಾರವಾಯಿತು ಅನ್ನುವುದು ನನಗೆ ಹೆಮ್ಮೆಯ ಸಂಗತಿ. ಅಲ್ಲಿ ‘ದಾಯ’, ಅಂದರೆ ಪಾಲಿಗೆ ಬರುವ ಆಸ್ತಿ, ಎರಡು ಬಗೆ. ಹುಟ್ಟಿದ ಕೂಡಲೇ ಮಗನಿಗೆ ಸಿಗುವುದು ಅಪ್ರತಿಬಂಧ ದಾಯ. ಮಕ್ಕಳಿಲ್ಲದ ಚಿಕ್ಕಪ್ಪ ತೀರಿಕೊಂಡ ಮೇಲೆ ಬರುವಂಥದ್ದು ಸಪ್ರತಿಬಂಧ ದಾಯ. ಇಂಗ್ಲಿಷಿನ ಇನ್‌ಹೆರಿಟೆನ್ಸ್, ಆಸ್ತಿಯ ಮಟ್ಟಿಗೆ, ಈ ಎರಡನೆಯದಕ್ಕೆ ಹತ್ತಿರ. ಅಲ್ಲಿ ಒಬ್ಬರು ಸಾಯಬೇಕು, ಇನ್ನೊಬ್ಬರಿಗೆ ಬರಬೇಕು. ಮೊದಲನೆಯದಕ್ಕೆ ಯಾರೂ ಸಾಯಬೇಕಿಲ್ಲ. ಹೆಣ್ಣುಮಕ್ಕಳಿಗೆ ಈ ಹುಟ್ಟಿನ ಹಕ್ಕು ದೇಶಕ್ಕೆಲ್ಲ ಸಿಕ್ಕಿದ್ದು 2005ರ ಸೆಪ್ಟೆಂಬರ್ 9ರಿಂದ. ಎಷ್ಟು ತಡ! ನಾವು ದಿನಾ ಆಡುವ ‘ದಾಯಾದಿ’ ಕೂಡ ಈ ದಾಯದಿಂದಲೇ ಬಂದಿದ್ದು. ದಾಯ ಪಡೆಯುವವನೇ ದಾಯಾದಿ.

ತುಳುನಾಡಿನ ಹಳೆಯ ಕಾಗದ ಬಂದರೆ ಪಿತ್ರಾರ್ಜಿತ ಇನ್ನೂ ದೂರ ಹೋಗುತ್ತದೆ. ಅಲ್ಲಿನ ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿ ಇಳಿಯುತ್ತಿದ್ದುದು ತಾಯಿಯ ಕಡೆಯಿಂದ. ಅಲ್ಲಿ ‘ಪಿತೃ’ವಿಗೆ ಏನು ಕೆಲಸ? ‘ಕುಟುಂಬದ ಆಸ್ತಿ’ ಎಂದರೆ ಸಾಕು.

ಇನ್ನು ಹಳ್ಳಿಯಲ್ಲಿ ಉತ್ತರಾಧಿಕಾರ ಅನ್ನುವವರು ಯಾರಿದ್ದಾರೆ? “ಅಪ್ಪನ ಹೆಸರಲ್ಲಿತ್ತು, ಪೌತಿ ಮಾಡಿಸಿದೆ” ಅನ್ನುತ್ತಾರೆ. ಪೌತಿ ಎಂದರೆ ಸಾವು, ಅರಬ್ಬಿ ಮೂಲದ ಪದ. ಪಹಣಿಯಲ್ಲಿ ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಕೂರಿಸುವುದೇ ಪೌತಿ ಖಾತೆ. ನನಗೆ ಬಹಳ ಇಷ್ಟದ ಪದ, ಆದರೂ ಕೋರ್ಟಿನ ಕಾಗದದಲ್ಲಿ ಇನ್‌ಹೆರಿಟೆನ್ಸ್‌ಗೆ ಇದನ್ನು ಹಾಕುವುದಿಲ್ಲ. ಖಾತೆ ಬದಲಾದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲವಲ್ಲ.

ವಿಜ್ಞಾನದ ಪಾಠದಲ್ಲಿ ಅಧ್ಯಾಯದ ಹೆಸರಿಗೆ ‘ಅನುವಂಶೀಯತೆ’ ಇರಲಿ. ಒಳಗಿನ ವಾಕ್ಯಕ್ಕೆ ‘ಬರು’ ಸಾಕು: ‘ಅಮ್ಮನ ಗುಂಗುರು ಕೂದಲು ಮಗಳಿಗೂ ಬಂದಿದೆ.’ ಕಾಯಿಲೆಗೆ ‘ಬಳುವಳಿ’ ಅಂತ ಬರೆಯುವುದು ನನಗೆ ಹಿಡಿಸುವುದಿಲ್ಲ. ಮದುವೆಯಾಗಿ ಹೋಗುವ ಮಗಳ ಜೊತೆ ಪ್ರೀತಿಯಿಂದ ಕಳಿಸುವುದು ಬಳುವಳಿ. ಸಕ್ಕರೆ ಕಾಯಿಲೆಯನ್ನು ಯಾರು ಹಾಗೆ ಕೊಡುತ್ತಾರೆ?

ಸಾಫ್ಟ್‌ವೇರ್ ಪಾಠದಲ್ಲಿ ಇನ್‌ಹೆರಿಟೆನ್ಸ್ ಅಂತಲೇ ಬಿಟ್ಟು, ಪಕ್ಕದಲ್ಲಿ ‘ತಾಯಿ ಕ್ಲಾಸಿನ ಗುಣಗಳು ಮರಿ ಕ್ಲಾಸಿಗೆ ಬರುತ್ತವೆ’ ಎಂದು ಬಿಡಿಸಿ ಬರೆದೆ. ಕ್ಲಾಸು ಎಂದರೆ ಪ್ರೋಗ್ರಾಮಿನೊಳಗಿನ ಒಂದು ಅಚ್ಚು. ಇಲ್ಲಿ ತಾಯಿ ಕ್ಲಾಸು ಸಾಯುವುದಿಲ್ಲ, ಏನನ್ನೂ ಕಳೆದುಕೊಳ್ಳುವುದಿಲ್ಲ. ಮರಿ ಹುಟ್ಟುತ್ತಲೇ ಹಕ್ಕು ಬರುತ್ತದೆ. ಬರೆಯುವಾಗ ನನಗೆ ವಿಜ್ಞಾನೇಶ್ವರನ ಅಪ್ರತಿಬಂಧ ದಾಯವೇ ನೆನಪಾಗಿತ್ತು.

ಹೋದ ತಿಂಗಳು ಒಂದು ಕತೆಯಲ್ಲಿ, ಹುಡುಗಿಯೊಬ್ಬಳು ಅಜ್ಜಿಯ ಮಗ್ಗವನ್ನು ‘ಇನ್‌ಹೆರಿಟ್’ ಮಾಡಿದಳು ಅಂತಿತ್ತು. ಅಜ್ಜಿ ಇದ್ದಾಗಲೋ, ಹೋದ ಮೇಲೋ? ವಾಕ್ಯದಲ್ಲಿ ಸುಳಿವಿಲ್ಲ. ಸುಮ್ನೆ ಊಹೆ ಮಾಡಲು ಮನಸ್ಸಾಗಲಿಲ್ಲ. ಬರೆದವರಿಗೇ ಫೋನು ಮಾಡಿದೆ. ಕಣ್ಣು ಮಂಜಾದ ಮೇಲೆ ಅಜ್ಜಿ ತಾನೇ ಎದ್ದು ಮೊಮ್ಮಗಳನ್ನು ಮಗ್ಗದ ಮುಂದೆ ಕೂರಿಸಿದಳಂತೆ. ‘ಅಜ್ಜಿ ತನ್ನ ಮಗ್ಗವನ್ನು ಅವಳಿಗೆ ಬಿಟ್ಟುಕೊಟ್ಟಳು’ ಎಂದು ಬರೆದೆ.