ತಪ್ಪು ಹೆಸರು ಕೊಟ್ಟು ಐಯುಪಿಎಸಿ ಕಲಿಸಿದೆ: ನನ್ನ ಅನುಭವ

ಹನ್ನೊಂದನೆಯವರಿಗೆ ಆರ್ಗ್ಯಾನಿಕ್ ಹೇಳಿಕೊಡುವವರಿಗೆಲ್ಲ ಗೊತ್ತು, ಗಣಪತಿ ವಿಸರ್ಜನೆ ಮುಗಿಯುತ್ತಿದ್ದಂತೆ ನಾಮಕರಣದ ಗೋಳು ಶುರು. ಕಾರ್ಬನ್ ಸಂಯುಕ್ತಗಳಿಗೆ ಐಯುಪಿಎಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮದಂತೆ ಹೆಸರಿಡುವ ಪಾಠ ಅದು: ಉದ್ದದ ಕಾರ್ಬನ್ ಚೈನಿನ ಹೆಸರೇ ಬುನಾದಿ, ಕೊಂಬೆಯ ಹೆಸರೂ ಅದು ಕೂತ ಕಾರ್ಬನ್ನಿನ ಅಂಕಿಯೂ ಅದರ ಮುಂದೆ. ನಿಯಮ ಕೇಳಿದರೆ ಒಬ್ಬೊಬ್ಬರೂ ಗಿಳಿಪಾಠ ಒಪ್ಪಿಸುತ್ತಾರೆ. ಟೆಸ್ಟ್ ಕೊಟ್ಟರೆ ಇಪ್ಪತ್ತಕ್ಕೆ ಎಂಟೋ ಒಂಬತ್ತೋ. ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನಾನು ಟ್ಯೂಷನ್ ಶುರು ಮಾಡಿ ಹನ್ನೆರಡು ವರ್ಷದ ಮೇಲಾಯಿತು, ಮೊದಲ ಆರೇಳು ವರ್ಷ ಇದೇ ಹಾಡು. ಈಗ ಅದೇ ಮಟ್ಟದ ಟೆಸ್ಟಿನಲ್ಲಿ ಬ್ಯಾಚಿನ ಸರಾಸರಿ ಹದಿನಾರು ಹದಿನೇಳರ ಆಸುಪಾಸು ನಿಲ್ಲುತ್ತದೆ. ಹೊಸದಾಗಿ ಏನೂ ಕಲಿಸಿಲ್ಲ. ಸರಿ ಹೆಸರು ಬರೆಸುವುದನ್ನು ಹಿಂದಕ್ಕೆ ಹಾಕಿ, ಮೊದಲ ದಿನದಿಂದಲೇ ತಪ್ಪು ಹೆಸರು ಕೈಗೆ ಕೊಡತೊಡಗಿದೆ, ಅಷ್ಟೇ.

ಮೊದಲು ದುಡ್ಡು ನೀರಿಗೆ ಹೋದ ಲೆಕ್ಕ ಹೇಳಿಬಿಡುತ್ತೇನೆ. ಪ್ರಿನ್ಸೆಸ್ ಸ್ಟ್ರೀಟಿನಿಂದ ಅಣು ಕಟ್ಟಿ ನೋಡುವ ಗೋಲಿ ಕಡ್ಡಿಯ ಮಾಡೆಲ್ ಕಿಟ್ ತಂದೆ, ಐದಾರು ಸೆಟ್ಟು, ಒಂದಕ್ಕೆ ಏಳುನೂರರ ಹತ್ತಿರ. ಕಿಟ್ ಕೈಯಲ್ಲಿರುವಾಗ ಹುಡುಗರು ಭಾರೀ ಜಾಣರು. ಎರಡು ತುದಿ ಹಿಡಿದು ಎಳೆದರೆ ಉದ್ದದ ಚೈನ್ ತಾನಾಗಿ ನೆಟ್ಟಗಾಗುತ್ತದಲ್ಲ. ಪರೀಕ್ಷೆಯ ಕಾಗದದಲ್ಲಿ ಎಳೆಯಲು ಏನಿದೆ? ಕೊಂಬೆಯನ್ನು ಸ್ವಲ್ಪ ಬಗ್ಗಿಸಿ ಬರೆದುಬಿಟ್ಟರೆ ಮತ್ತೆ ಅದೇ ಪಾಡು. ಒಂದೇ ವರ್ಷದಲ್ಲಿ ಕಾರ್ಬನ್ನಿನ ಕರಿ ಗೋಲಿಗಳು ಅರ್ಧಕ್ಕರ್ಧ ಮಾಯ. ಆಮೇಲೆ ನಿಯಮಗಳನ್ನೆಲ್ಲ ಬಣ್ಣಬಣ್ಣದಲ್ಲಿ ಫ್ಲೆಕ್ಸ್ ಮಾಡಿಸಿ ಗೋಡೆಗೆ ಹಾಕಿದೆ, ಸಾವಿರದ ಇನ್ನೂರೋ ಏನೋ ಆಯಿತು. ಕಣ್ಣೆದುರು ಫ್ಲೆಕ್ಸ್ ಇದ್ದೂ ಹುಡುಗರು 2-ಈಥೈಲ್‌ಹೆಕ್ಸೇನ್ ಎಂದು ಬರೆದರು. ಬ್ಯೂಟೇನ್, ಪೆಂಟೇನ್, ಹೆಕ್ಸೇನ್ ಅಂದರೆ ನಾಲ್ಕು, ಐದು, ಆರು ಕಾರ್ಬನ್ನಿನ ಚೈನ್, ಮೀಥೈಲ್ ಒಂದರ ಕೊಂಬೆ, ಈಥೈಲ್ ಎರಡರದ್ದು; ಇಲ್ಲಿ ಏಳರ ಚೈನ್ ಇದ್ದರೂ ಆರರದ್ದು ಹಿಡಿದಿದ್ದರು. ನಿಯಮ ಬಾಯಿಪಾಠ ಇರುವವನಿಗೆ ತಾನು ಅದನ್ನು ಮುರಿದದ್ದು ಕಾಣುವುದಿಲ್ಲ. ರೋಗ ಇಲ್ಲಿದೆ ಎಂದು ಆಗಲೇ ಅನಿಸಿತ್ತು, ಮದ್ದು ಸಿಕ್ಕಿರಲಿಲ್ಲ.

ನಡುವೆ ಮುಂಬೈ ಲೋಕಲ್ ಟ್ರೇನಿನ ನಕ್ಷೆ ಹಿಡಿದೂ ನೋಡಿದೆ. ಸಿಎಸ್‌ಎಂಟಿಯಿಂದ ಕಲ್ಯಾಣದವರೆಗೆ ಒಂದೇ ಲೈನು, ಅಲ್ಲಿಂದ ಒಂದು ಕಸಾರಾಕ್ಕೆ, ಇನ್ನೊಂದು ಕರ್ಜತ್‌ಗೆ. ಕೊಂಬೆ ತೋರಿಸಲು ಇದಕ್ಕಿಂತ ಚೆಂದದ ಚಿತ್ರ ಬೇಕೆ? ಹುಡುಗರಿಗೆ ಖುಷಿಯೋ ಖುಷಿ. ಫಲ ಮಾತ್ರ ಉಲ್ಟಾ. ಮೇನ್ ಲೈನ್ ಎಂದರೆ ಸಿಎಸ್‌ಎಂಟಿಯಿಂದಲೇ ಹೊರಡಬೇಕು ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತು. ಕಾರ್ಬನ್ ಲೆಕ್ಕದಲ್ಲಿ ಎಷ್ಟೋ ಸಲ ಕಸಾರಾದಿಂದ ಕಲ್ಯಾಣಕ್ಕೆ ಬಂದು ಕರ್ಜತ್‌ಗೆ ತಿರುಗುವ ದಾರಿಯೇ ಉದ್ದ, ಸಿಎಸ್‌ಎಂಟಿ ಕಡೆಯದು ಬರೀ ಕೊಂಬೆ. ಅದನ್ನು ಒಪ್ಪಿಸುವಷ್ಟರಲ್ಲಿ ಒಂದು ವಾರ ಹೋಯಿತು.

ಮದ್ದು ಸಿಕ್ಕಿದ್ದು ಹಳೆಯ ಕೆಲಸದ ನೆನಪಿನಲ್ಲಿ. ಟ್ಯೂಷನ್ನಿಗೆ ಮುಂಚೆ ನಾನು ಇಲ್ಲೇ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಂಪನಿಯ ಲ್ಯಾಬಿನಲ್ಲಿ ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಫಿ, ಬೆರಕೆಯನ್ನು ಬಿಡಿಬಿಡಿಯಾಗಿ ತೋರಿಸುವ) ಯಂತ್ರದ ಮುಂದೆ ಕೂರುತ್ತಿದ್ದೆ. ಮಾರುಕಟ್ಟೆಯ ಹೆಕ್ಸೇನ್ ಡ್ರಮ್ಮಿನಲ್ಲಿ ಹೆಕ್ಸೇನ್ ಒಂದೇ ಇರುವುದಿಲ್ಲ ಎಂದು ಆ ಕೆಲಸ ಮಾಡಿದವರಿಗೆ ಗೊತ್ತು. ಯಂತ್ರದ ಕಾಲಮ್ಮಿನಿಂದ ಮೊದಲು 2-ಮೀಥೈಲ್‌ಪೆಂಟೇನ್ ಬರುತ್ತಿತ್ತು, ಬೆನ್ನಿಗೆ 3-ಮೀಥೈಲ್‌ಪೆಂಟೇನ್, ಆಮೇಲೆ ನೆಟ್ಟಗಿನ ಹೆಕ್ಸೇನ್, ಕೊನೆಗೆ ಮೀಥೈಲ್‌ಸೈಕ್ಲೊಪೆಂಟೇನ್. ಕುದಿಬಿಂದು ಸುಮಾರು 60, 63, 69, 72 ಡಿಗ್ರಿ, ಅದೇ ಸಾಲು. ರಾತ್ರಿ ಪಾಳಿಯವರೊಬ್ಬರು ರಿಜಿಸ್ಟರಿನಲ್ಲಿ ಗ್ರಾಫಿನ ಎರಡನೆಯ ಪೀಕಿಗೆ ಯಾವಾಗಲೂ 2-ಈಥೈಲ್‌ಬ್ಯೂಟೇನ್ ಎಂದು ಬರೆಯುತ್ತಿದ್ದರು. ಹೆಸರು ತಪ್ಪು. ಆದರೂ ಆ ಹೆಸರು ಹಿಡಿದು ಚಿತ್ರ ಬಿಡಿಸಿದರೆ ಬರುವುದು 3-ಮೀಥೈಲ್‌ಪೆಂಟೇನೇ! ತಪ್ಪು ಹೆಸರೂ ಸರಿಯಾದ ಅಣುವಿಗೇ ಕರೆದುಕೊಂಡು ಹೋಗುತ್ತದೆ. ಹಾಗಿದ್ದ ಮೇಲೆ ಪಾಠವನ್ನು ಅಲ್ಲಿಂದಲೇ ಯಾಕೆ ಶುರು ಮಾಡಬಾರದು?

ಚೀಟಿ ಮಾಡಿದೆ. ಒಂದು ಚೀಟಿಗೆ ಒಂದು ಹೆಸರು. ಹುಡುಗ ಆ ಹೆಸರು ಹೇಳಿದ ಹಾಗೆ ಚಿತ್ರ ಬಿಡಿಸಬೇಕು, ಆ ಚಿತ್ರಕ್ಕೆ ತಾನೇ ಹೆಸರಿಡಬೇಕು, ಎರಡೂ ತಾಳೆಯಾಗದಿದ್ದರೆ ಮುರಿದ ನಿಯಮ ಯಾವುದು ಎಂದು ಒಂದು ಸಾಲು ಬರೆಯಬೇಕು. ಹೆಸರಿನಿಂದ ಚಿತ್ರಕ್ಕೆ ಹೋಗುವುದು ಯಾವಾಗಲೂ ಸುಲಭ, ಹಿಂದಿನ ಬೆಂಚಿನವನೂ ಹೆದರುವುದಿಲ್ಲ. 1-ಮೀಥೈಲ್‌ಬ್ಯೂಟೇನ್ ಬಿಡಿಸಿದವನಿಗೆ ಕೊಂಬೆಯೇ ಕಾಣದೆ ನೆಟ್ಟಗಿನ ಪೆಂಟೇನ್ ಎದುರು ಬರುತ್ತದೆ. ತುದಿಯ ಕಾರ್ಬನ್ನಿನಲ್ಲಿ ಮೀಥೈಲ್ ಯಾಕೆ ಕೂರುವುದಿಲ್ಲ ಎಂದು ನಾನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ. 2-ಪ್ರೊಪೈಲ್‌ಬ್ಯೂಟೇನ್ ಬಿಡಿಸಿದವನಿಗೆ 3-ಮೀಥೈಲ್‌ಹೆಕ್ಸೇನ್ ಸಿಗುತ್ತದೆ. 2-ಮೀಥೈಲ್‌ಬ್ಯೂಟ್-3-ಈನ್ ಎಂದರೆ ನಂಬರನ್ನು ಆ ಕಡೆಯಿಂದ ಹಾಕಿದ್ದಾರೆ, ಈನ್ ಎನ್ನುವ ಡಬಲ್ ಬಾಂಡಿಗೆ ಮೊದಲ ಮರ್ಯಾದೆ, 3-ಮೀಥೈಲ್‌ಬ್ಯೂಟ್-1-ಈನ್ ಆಗಬೇಕು. ಕೆಲವು ಚೀಟಿಗಳಿಗೆ ಚಿತ್ರವೇ ಇಲ್ಲ. 2,2-ಡೈಮೀಥೈಲ್‌ಪ್ರೊಪ್-1-ಈನ್ ಬಿಡಿಸಲು ಕೂತವನ ಎರಡನೆಯ ಕಾರ್ಬನ್ನಿಗೆ ಐದು ಕೈ ಬೇಕಾಗುತ್ತದೆ, ಇರುವುದು ನಾಲ್ಕೇ. ರಬ್ಬರ್ ಸವೆಸಿ ಸವೆಸಿ ಕೊನೆಗೆ ‘ಆಗೂದಿಲ್ಲ ಸರ್’ ಎಂದು ಚೀಟಿ ವಾಪಸ್ ಕೊಡುತ್ತಾನೆ. ಅದೇ ಉತ್ತರ.

ಮುಖ್ಯವಾದ ಮಾತು: ಎಲ್ಲ ಚೀಟಿಯೂ ತಪ್ಪಾಗಿದ್ದರೆ ಆಟ ಎರಡೇ ದಿನಕ್ಕೆ ಕೆಡುತ್ತದೆ. ನಾಲ್ಕೈದರಲ್ಲಿ ಒಂದು ಸರಿ ಇರಬೇಕು, ಅದೂ ನೋಡಲು ತಪ್ಪಿನ ಹಾಗೆ ಕಾಣಬೇಕು. 3-ಈಥೈಲ್-2,2-ಡೈಮೀಥೈಲ್‌ಪೆಂಟೇನ್ ಕೊಡಿ, ಅರ್ಧ ಬ್ಯಾಚು ‘ಡಿ ಮೊದಲು ಬರಬೇಕು, ಇ ಆಮೇಲೆ’ ಎಂದು ತಿದ್ದುತ್ತದೆ. ಕೊಂಬೆಗಳ ಹೆಸರು ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ ಬರಬೇಕು, ಆದರೆ ಡೈ, ಟ್ರೈಗಳ ಮೊದಲಕ್ಷರ ಲೆಕ್ಕಕ್ಕಿಲ್ಲ ಎಂದು ಫ್ಲೆಕ್ಸಿನ ಕಾಲದಲ್ಲಿ ಎಷ್ಟು ಬಡಿದುಕೊಂಡಿದ್ದೆನೋ! ನನಗೆ ತುಂಬ ಇಷ್ಟದ ಚೀಟಿ 2,7,8-ಟ್ರೈಮೀಥೈಲ್‌ಡೆಕೇನ್. ಇದು ಸರಿಯಾದ ಹೆಸರು. ಹಳೆಯ ಗೈಡುಗಳ ‘ಮೊತ್ತ ಕಡಿಮೆ ಇರಬೇಕು’ ಎಂಬ ಸೂತ್ರ ಕಲಿತು ಬಂದವರು ಎರಡೂ ಕಡೆಯಿಂದ ಎಣಿಸಿ, ಇಲ್ಲಿ 17, ಆ ಕಡೆಯಿಂದ 3,4,9 ಆದರೆ 16 ಎಂದು ಹಿಗ್ಗಿ ತಿರುಗಿಸಿಬಿಡುತ್ತಾರೆ. ನೋಡಬೇಕಾದ್ದು ಮೊತ್ತವನ್ನಲ್ಲ, ಮೊದಲು ಬೇರೆಯಾಗುವ ಅಂಕಿಯನ್ನು. ಎರಡು ಮೂರಕ್ಕಿಂತ ಚಿಕ್ಕದು, ಅಲ್ಲಿಗೆ ಮುಗಿಯಿತು. ಈ ಒಂದು ಚೀಟಿಯಲ್ಲಿ ಎಡವಿ ಬಿದ್ದವರು ಮತ್ತೆ ಮೊತ್ತದ ಹೆಸರೆತ್ತಿದ್ದನ್ನು ನಾನು ಕಂಡಿಲ್ಲ.

ಒಂದು ಸಂಜೆಯದ್ದು ಹೇಳಬೇಕು. ಟಿಟ್‌ವಾಲಾದಿಂದ ಬರುತ್ತಿದ್ದ ಹುಡುಗಿಗೆ 3-ಐಸೊಪ್ರೊಪೈಲ್‌ಪೆಂಟೇನ್ ಸಿಕ್ಕಿತು. ಬಿಡಿಸಿದಳು. ಅಡ್ಡಲಾಗಿ ಐದು, ನಡುವಿನಿಂದ ಕೆಳಗೆ ಐಸೊಪ್ರೊಪೈಲ್, ಅಂದರೆ ಮೂರು ಕಾರ್ಬನ್ನಿನ ಕವಲೊಡೆದ ಕೊಂಬೆ. ಪೆನ್ಸಿಲ್ ತುದಿಯಿಂದ ಎಲ್ಲ ದಾರಿಯಲ್ಲೂ ಎಣಿಸಿದಳು, ಎಲ್ಲೂ ಐದಕ್ಕಿಂತ ಹೆಚ್ಚಿಲ್ಲ. ‘ಸರ್, ಇದು ಸರಿಯೇ ಉಂಟು’ ಎಂದಳು. ನಾನು ಸುಮ್ಮನಿದ್ದೆ. ಹತ್ತು ನಿಮಿಷ ಬಿಟ್ಟು ಅವಳೇ ಕೆಳಗಿನ ಮೀಥೈಲಿನಿಂದ ಹೊರಟು ನಡುವಿನ ಕಾರ್ಬನ್ ದಾಟಿ ಬಲಕ್ಕೆ ತಿರುಗಿದಳು. ಅಲ್ಲೂ ಐದು. ಆದರೆ ಈ ದಾರಿ ಹಿಡಿದರೆ ಕೊಂಬೆ ಒಂದಲ್ಲ ಎರಡು, ಒಂದು ಮೀಥೈಲ್ ಒಂದು ಈಥೈಲ್. 3-ಈಥೈಲ್-2-ಮೀಥೈಲ್‌ಪೆಂಟೇನ್. ಉದ್ದ ಸಮ ಇದ್ದರೆ ಕೊಂಬೆ ಹೆಚ್ಚಿರುವ ಚೈನ್ ಹಿಡಿಯಬೇಕು ಎಂಬ ಸಾಲನ್ನು ಅವಳು ಆ ದಿನದವರೆಗೆ ಓದಿಯೇ ಇರಲಿಲ್ಲ. ಚೀಟಿಯ ಹಿಂದೆ ಬರೆದದ್ದು: ‘ದೊಡ್ಡ ಕೊಂಬೆ ಒಂದಕ್ಕಿಂತ ಚಿಕ್ಕ ಕೊಂಬೆ ಎರಡು ವಾಸಿ.’ ಪುಸ್ತಕದ ವಾಕ್ಯಕ್ಕಿಂತ ಇದು ಚೆನ್ನಾಗಿದೆ, ಈಗ ನಾನೂ ಹಾಗೇ ಹೇಳುವುದು.

ಬೈದವರಿಗೇನೂ ಕೊರತೆ ಇರಲಿಲ್ಲ. ಠಾಣೆಯಲ್ಲಿ ಕ್ಲಾಸ್ ನಡೆಸುವ ಧಾರವಾಡ ಕಡೆಯ ಸ್ನೇಹಿತರೊಬ್ಬರು, ‘ಏನ್ರಿ ಸರ, ತಪ್ಪ ಹೆಸರ ಕೊಟ್ರ ಹುಡುಗ್ರ ತಲ್ಯಾಗ ಅದ ಕುಂದರ್ತದ ನೋಡ್ರಿ, ಆಮ್ಯಾಲ ತಗಿಯಾಕ ಬರೂದಿಲ್ಲ’ ಎಂದರು. ಹುಡುಗನೊಬ್ಬನ ಅಪ್ಪ ನೋಟ್ಸ್ ಹಿಡಿದುಕೊಂಡೇ ಬಂದರು. ‘ಮಾಷ್ಟ್ರೇ, ಇದರಲ್ಲಿ ಇಡೀ ತಪ್ಪೇ ಉಂಟಲ್ಲ ಮಾರಾಯ್ರೆ, ಫೀಸು ಕೊಡುವುದು ಇದಕ್ಕಾ?’ ಅವರು ಮಗನನ್ನು ಬಿಡಿಸಿದರು, ಅವರನ್ನು ನೋಡಿ ಇನ್ನೂ ಒಂದಿಬ್ಬರು ಬಿಟ್ಟರು. ಆಗ ತಿಂಗಳಿಗೆ ಸಾವಿರದ ಐನೂರು ಫೀಸು, ಚಿಕ್ಕ ಬ್ಯಾಚು, ಬಾಡಿಗೆ ಕಟ್ಟುವ ಹೊತ್ತಿಗೆ ಬಿಸಿ ಮುಟ್ಟಿತು. ಹೆಂಡತಿಯೂ ‘ಮೊದಲಿನ ಹಾಗೇ ಹೇಳಿಕೊಡಬಾರದಾ’ ಎಂದಳು. ದೀಪಾವಳಿಯ ಟೆಸ್ಟಿನಲ್ಲಿ ಅಂಕ ಬಂದ ಮೇಲೆ ಯಾರೂ ಕೇಳಲಿಲ್ಲ. ಆ ಅಪ್ಪ ಎರಡು ವರ್ಷ ಬಿಟ್ಟು ಮಗಳನ್ನು ತಂದು ಸೇರಿಸಿದರು, ಫೀಸು ಮಾತ್ರ ಹಳೆಯ ದರವೇ ಹಾಕಿ ಎಂದರು. ಧಾರವಾಡದವರೂ ಈಗ ಚೀಟಿ ಹಂಚುತ್ತಾರಂತೆ, ಎಲ್ಲಿಂದ ಬಂದದ್ದು ಎಂದು ಹೇಳುವುದಿಲ್ಲ.

ಚೀಟಿಗೂ ಒಂದು ದುಂದು ಆಗಿತ್ತು. ಗಟ್ಟಿಯಾಗಿರಲಿ ಎಂದು ಎಲ್ಲವನ್ನೂ ಲ್ಯಾಮಿನೇಷನ್ ಮಾಡಿಸಿದೆ, ಸಾವಿರದ ಮೇಲೆ ಹೋಯಿತು. ಅದರ ಮೇಲೆ ಪೆನ್ಸಿಲ್ ಹಿಡಿಯದು. ಬೇರೆ ಹಾಳೆಯಲ್ಲಿ ಬಿಡಿಸಿದರೆ ಯಾವ ಚಿತ್ರ ಯಾವ ಹೆಸರಿನದ್ದು ಎಂದು ಹುಡುಕುವುದೇ ಕೆಲಸ. ಈಗ ಮಾಮೂಲಿ ಝೆರಾಕ್ಸ್, ಒಂದು ಬದಿ ಖಾಲಿ, ಹಾಳೆಗೆ ಎಂಟು ಚೀಟಿ. ಇಡೀ ಬ್ಯಾಚಿಗೆ ವರ್ಷಕ್ಕೆ ಇನ್ನೂರು ರೂಪಾಯಿ ಆದರೆ ಹೆಚ್ಚು.

ಅಡ್ಡದಾರಿಯ ಪ್ರಯೋಗ ಎರಡು. ಏಳು ಕಾರ್ಬನ್ನಿನ ಹೆಪ್ಟೇನಿನ ಐಸೋಮರ್ (ಪರಮಾಣು ಅಷ್ಟೇ, ಜೋಡಣೆ ಬೇರೆ) ಎಲ್ಲ ಬಿಡಿಸಿ ಎಂದರೆ ಹುಡುಗರು ಹನ್ನೊಂದೋ ಹನ್ನೆರಡೋ ತರುತ್ತಾರೆ. ಇರುವುದು 9. ‘ಒಂದೊಂದಕ್ಕೂ ಹೆಸರಿಡಿ, ಒಂದೇ ಹೆಸರು ಎರಡು ಸಲ ಬಂದರೆ ಒಂದನ್ನು ಹರಿದು ಹಾಕಿ’ ಎಂದಷ್ಟೇ ಹೇಳುತ್ತೇನೆ, ಅರ್ಧ ಗಂಟೆಯಲ್ಲಿ ಒಂಬತ್ತಕ್ಕೆ ಇಳಿಯುತ್ತದೆ. ಬಿಟ್ಟುಹೋಗುವುದು ಹೆಚ್ಚಾಗಿ 2,2,3-ಟ್ರೈಮೀಥೈಲ್‌ಬ್ಯೂಟೇನ್. ಡೆಕೇನ್ ಮಾತ್ರ ಕೊಡಬೇಡಿ. 75 ಇವೆ, ಒಬ್ಬ ಹಟಮಾರಿ ಕೂತು ಬಿಡಿಸಲು ಹೋಗಿ ಫಿಸಿಕ್ಸ್ ಮರೆತ.

ಇನ್ನೊಂದು ಫ್ರಿಜ್ಜಿನದ್ದು. ಮನೆಯ ಫ್ರಿಜ್, ಎಸಿಗಳ ಲೇಬಲ್ಲಿನಲ್ಲಿ ತಂಪು ಮಾಡುವ ಅನಿಲದ ಹೆಸರು ಓದಿಕೊಂಡು ಬನ್ನಿ ಎಂದೆ. ಹೊಸ ಫ್ರಿಜ್ಜುಗಳಲ್ಲಿ ಆರ್-600ಎ, ಅಂದರೆ ನಮ್ಮ 2-ಮೀಥೈಲ್‌ಪ್ರೊಪೇನ್. ಕೆಲವು ಎಸಿಯಲ್ಲಿ ಆರ್-290, ಹಲವುಗಳಲ್ಲಿ ಆರ್-32. ಈ ಅಂಕಿಗಳಲ್ಲೂ ಒಂದು ಲೆಕ್ಕ ಅಡಗಿದೆ. 290ಕ್ಕೆ 90 ಕೂಡಿಸಿದರೆ 380: ಮೂರು ಕಾರ್ಬನ್, ಎಂಟು ಹೈಡ್ರೋಜನ್, ಫ್ಲೋರಿನ್ ಸೊನ್ನೆ. ಪ್ರೊಪೇನ್! 32ಕ್ಕೆ ಕೂಡಿಸಿದರೆ 122: ಕಾರ್ಬನ್ ಒಂದು, ಹೈಡ್ರೋಜನ್ ಎರಡು, ಫ್ಲೋರಿನ್ ಎರಡು. ಹುಡುಗರು ಕುಣಿದಾಡಿದರು. 600ಕ್ಕೆ ಮಾತ್ರ ಇದು ನಡೆಯುವುದಿಲ್ಲ, ಆ ಸಾಲಿನ ಅಂಕಿಗಳನ್ನು ಸುಮ್ಮನೆ ಕ್ರಮವಾಗಿ ಹಂಚಿದ್ದು. ಪರೀಕ್ಷೆಗೆ ಇದರಿಂದ ಒಂದು ಅಂಕವೂ ಇಲ್ಲ, ಆದರೂ ಪ್ರತಿ ವರ್ಷ ಮಾಡಿಸುತ್ತೇನೆ.

ಜಾಣರಿರುವ ಬ್ಯಾಚಿನಲ್ಲಿ ಒಂದು ತೊಡಕು ಬಂದೇ ಬರುತ್ತದೆ. 1892ರಲ್ಲಿ ಜಿನೀವಾದಲ್ಲಿ ಕೂತು ಶುರು ಮಾಡಿದ ನಿಯಮಗಳನ್ನು ತಿದ್ದುತ್ತಲೇ ಬಂದಿದ್ದಾರೆ. 2013ರ ಶಿಫಾರಸಿನ ಪ್ರಕಾರ ಡಬಲ್ ಬಾಂಡಿಗಿಂತ ಚೈನಿನ ಉದ್ದಕ್ಕೇ ಮೊದಲ ಮಣೆ. ಹಾಗಾಗಿ ನಾವು 2-ಈಥೈಲ್‌ಪೆಂಟ್-1-ಈನ್ ಎನ್ನುವುದು ಅಲ್ಲಿ 3-ಮೀಥೈಲಿಡೀನ್‌ಹೆಕ್ಸೇನ್. ನಮ್ಮ ಹನ್ನೊಂದನೆಯ ಪುಸ್ತಕ ಈಗಲೂ ಡಬಲ್ ಬಾಂಡ್ ಒಳಗೊಂಡ ಚೈನನ್ನೇ ಹಿಡಿ ಎನ್ನುತ್ತದೆ. ಮೊಬೈಲಿನಲ್ಲಿ ಹುಡುಕಿ ತಂದು ‘ಸರ್, ನೀವು ಹೇಳಿದ್ದು ತಪ್ಪು’ ಎನ್ನುವವನಿಗೆ ನಾನು ಎರಡೂ ಬರೆಸುತ್ತೇನೆ, ಬೋರ್ಡಿಗೂ ಸಿಇಟಿಗೂ ಪುಸ್ತಕದ್ದೇ ಬರಿ ಎನ್ನುತ್ತೇನೆ. ವಾದ ಬೆಳೆಸುವವನಿಗೆ ಪೆಂಟ್-4-ಈನ್-1-ಐನ್ ಚೀಟಿ ಕೊಟ್ಟು ಕೂರಿಸಿದರೆ ಸಾಕು (ಐನ್ ಅಂದರೆ ಟ್ರಿಪಲ್ ಬಾಂಡ್). ಎರಡೂ ಕಡೆಯಿಂದ ಎಣಿಸಿದರೂ ಒಂದು, ನಾಲ್ಕು. ಸಮ ಬಂದಾಗ ಡಬಲ್ ಬಾಂಡಿಗೆ ಚಿಕ್ಕ ಅಂಕಿ ಎಂದು ಹೊಳೆಯುವಷ್ಟರಲ್ಲಿ ಕ್ಲಾಸ್ ಮುಗಿದಿರುತ್ತದೆ.

ಚೀಟಿಗಳ ಸೆಟ್ ಕೊಡಿ ಎಂದು ಕೇಳುವವರು ಈಗೀಗ ಹೆಚ್ಚಾಗಿದ್ದಾರೆ. ನಾಲ್ಕರಿಂದ ಆರು ಕಾರ್ಬನ್ನಿನವು ಮೊದಲ ಮೂವತ್ತು ಯಾರು ಕೇಳಿದರೂ ಕೊಡುತ್ತೇನೆ, ಉಳಿದವನ್ನು ನೀವೇ ಮಾಡಿಕೊಳ್ಳಬಹುದು, ಒಂದು ಚೀಟಿಯಲ್ಲಿ ಒಂದೇ ನಿಯಮ ಮುರಿಯಬೇಕೆನ್ನುವುದನ್ನು ಬಿಡಬೇಡಿ. ಯಾವುದರ ಬೆನ್ನಿಗೆ ಯಾವುದು ಕೊಡಬೇಕು, ಒಂದೇ ಬೆಂಚಿನ ಇಬ್ಬರಿಗೆ ಯಾವ ಜೋಡಿ ಕೊಟ್ಟರೆ ಜಗಳ ಹತ್ತುತ್ತದೆ ಎಂಬುದು ಮಾತ್ರ ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡಿನ ವಿಷಯ. ಉಂಗುರದ ಕಾರ್ಬನ್‌ಗಳನ್ನು ದೀಪಾವಳಿಗೆ ಮುಂಚೆ ಒಳಗೆ ಬಿಡಬೇಡಿ. ಬೆಂಜೀನಿನ ಮೇಲೆ ಎರಡು ಮೂರು ಕೊಂಬೆ ಇರುವ ಚೀಟಿಗಳು ನನಗಿನ್ನೂ ಹಿಡಿತಕ್ಕೆ ಬಂದಿಲ್ಲ, ಕೊಂಬೆಗಳ ಜಾಗ ಹೇಳುವ ಆರ್ಥೊ, ಮೆಟಾ, ಪ್ಯಾರಾ ಬಂದಕೂಡಲೇ ಹುಡುಗರು ಮತ್ತೆ ಬಾಯಿಪಾಠಕ್ಕೆ ಹೋಗುತ್ತಾರೆ. ಈ ಸಲದ ಬ್ಯಾಚಿಗೆ ಅದರದ್ದೇ ಒಂದು ಕಟ್ಟು ತಯಾರಾಗುತ್ತಿದೆ.